ಕಾಸರಗೋಡಿನ ಸಂಘಗಳಿಗೆ ಕಂಪನಿ ಅನುದಾನ ಕೊಡುವುದಾದರೆ

ಕಾಸರಗೋಡಿನ ಕನ್ನಡ ಭಾಗದ ಸೇವಾಸಂಘಗಳಿಗೆ ನಿಮ್ಮ ಕಂಪನಿಯಿಂದ ಅನುದಾನ ಕೊಡಬೇಕೆಂದಿದೆ, ಹೇಗೆ ಎಂದು ಕೇಳಿದ್ದೀರಿ. ಮೊದಲು ತಿಳಿದಿರಬೇಕಾದ್ದು ಇದು: ಇಲ್ಲಿ ಮನೆಮಾತು ಕನ್ನಡ, ತುಳು, ಕಚೇರಿಯ ಕಡತ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಶಾಲೆಯ ಪಠ್ಯ, ಸಂಘದ ನೋಂದಣಿ, ಪಂಚಾಯತಿನ ಪತ್ರ ಎಲ್ಲವೂ ಕೇರಳದ ಕ್ರಮದಲ್ಲೇ ನಡೆಯುತ್ತವೆ. ಕರ್ನಾಟಕದಲ್ಲಿ ಚೆನ್ನಾಗಿ ನಡೆದ ಯೋಜನೆಯನ್ನು ಹಾಗೆಯೇ ತಂದು ಇಲ್ಲಿಟ್ಟರೆ ದುಡ್ಡು ಖರ್ಚಾಗುತ್ತದೆ, ಉಪಯೋಗವಾಗುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆಂದು ಕರ್ನಾಟಕ ಪಠ್ಯಕ್ರಮದ ಗೈಡುಗಳನ್ನು ಕಳಿಸಿದರೆ ಅವು ಕಪಾಟಿನಲ್ಲೇ ಉಳಿಯುತ್ತವೆ, ಯಾಕೆಂದರೆ ಇಲ್ಲಿನ ಮಕ್ಕಳು ಓದುವುದು ಕೇರಳ ಪಠ್ಯದ ಕನ್ನಡ ಆವೃತ್ತಿಯನ್ನು. ಕತೆ, ವಿಜ್ಞಾನ, ನಿಘಂಟು ಕಳಿಸಿ, ಅವಕ್ಕೆ ಗಡಿಯಿಲ್ಲ.

ಈಗ ದುಡ್ಡಿನ ದಾರಿ. ಹಿಂದಿನ ಹಣಕಾಸು ವರ್ಷದಲ್ಲಿ ನಿಮ್ಮ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದಾದರೊಂದು ಮುಟ್ಟಿದ್ದರೆ 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಶೇಕಡಾ ಸಿಎಸ್‌ಆರ್‌ಗೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಯ ಕೆಲಸಗಳಿಗೆ ಹೋಗಬೇಕು. ಆ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಮಿತಿ ಬೇಡ, ನಿರ್ದೇಶಕ ಮಂಡಳಿಯೇ ತೀರ್ಮಾನಿಸಬಹುದು. ವ್ಯವಹಾರ ನಡೆಯುವ ಸ್ಥಳಕ್ಕೂ ಅದರ ಸುತ್ತಲಿನ ಪ್ರದೇಶಕ್ಕೂ ಆದ್ಯತೆ ಕೊಡಿ ಎನ್ನುತ್ತದೆ ಕಾಯ್ದೆ. ಮಂಗಳೂರಿನ ಕಂಪನಿಗೆ ತಲಪಾಡಿ ದಾಟಿದೊಡನೆ ಸಿಗುವ ಮಂಜೇಶ್ವರವೂ ಸುತ್ತಲಿನ ಪ್ರದೇಶವೇ ತಾನೆ. ಸಣ್ಣ ವ್ಯಾಪಾರಿಯಾದರೆ ಇದ್ಯಾವುದೂ ಅನ್ವಯಿಸದು. ನೇರ ದೇಣಿಗೆ ಕೊಡಬಹುದು. ನಗದಾಗಿ ಮಾತ್ರ ಬೇಡ. 2,000 ರೂಪಾಯಿಗಿಂತ ಮೇಲಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ.

ತೊಡಕು ಶುರುವಾಗುವುದು ಸಂಘದ ಕಾಗದಪತ್ರದಲ್ಲಿ. ಹೊರಗಿನ ಸಂಸ್ಥೆಯ ಮೂಲಕ ಸಿಎಸ್‌ಆರ್ ಕೆಲಸ ಮಾಡಿಸುವುದಾದರೆ ಆ ಸಂಸ್ಥೆಗೆ ಜನ 12ಎ, 80ಜಿ ಎನ್ನುವ ಆದಾಯ ತೆರಿಗೆ ಇಲಾಖೆಯ ನೋಂದಣಿಗಳು, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ಸಂಖ್ಯೆ, ಮೂರು ವರ್ಷಗಳ ಕೆಲಸದ ದಾಖಲೆ ಬೇಕು. ಇಲ್ಲಿ ನಿಜವಾಗಿ ಬೆವರು ಸುರಿಸುವ ಯುವಕ ಸಂಘ, ವಾಚನಾಲಯ, ಯಕ್ಷಗಾನ ಸಂಘಗಳಲ್ಲಿ ಅಷ್ಟೆಲ್ಲ ಇರುವುದು ಅಪರೂಪ. ಹಾಗೆಂದು ಅವರನ್ನು ಬಿಟ್ಟುಬಿಡಬೇಡಿ. ಕಂಪನಿಯೇ ನೇರವಾಗಿ ಯೋಜನೆ ನಡೆಸಲು ನಿಯಮದಲ್ಲಿ ಅವಕಾಶವಿದೆ. ಸಾಮಾನು ನೀವೇ ಕೊಂಡು, ಅಂಗಡಿಗೆ ನೀವೇ ಪಾವತಿಸಿ. ಆದರೆ ಸಿಎಸ್‌ಆರ್ ದುಡ್ಡಿನಲ್ಲಿ ಮಾಡಿದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಸರಕಾರಿ ಸಂಸ್ಥೆಯ, ಫಲಾನುಭವಿಗಳ ಕೂಟದ ಅಥವಾ ಸಿಎಸ್‌ಆರ್ ಸಂಖ್ಯೆಯುಳ್ಳ ಸಂಸ್ಥೆಯ ಹೆಸರಿನಲ್ಲಿರಬೇಕು. ಶಾಲೆಯ ಮಟ್ಟಿಗೆ ಇದನ್ನು ಸರಿಯಾಗಿ ನೋಡಿಕೊಳ್ಳಿ: ಸರಕಾರಿ ಶಾಲೆ ಸರಕಾರದ್ದು, ಅನುದಾನಿತ ಶಾಲೆಯ ಕಟ್ಟಡ ಮ್ಯಾನೇಜರರದ್ದು. ಶಿಕ್ಷಕರ ಸಂಬಳ ಸರಕಾರ ಕೊಟ್ಟರೂ ಗೋಡೆ ಖಾಸಗಿಯೇ. ಹಾಗಾಗಿ ಅನುದಾನಿತ ಶಾಲೆಯಲ್ಲಿ ಕಟ್ಟಡಕ್ಕಿಂತ ಮಕ್ಕಳ ವಾಹನದ ಖರ್ಚು, ಪುಸ್ತಕ, ಸಂಜೆಯ ತರಗತಿ ಇಂಥವಕ್ಕೆ ಕೊಡುವುದು ಒಳ್ಳೆಯದು.

ನೋಂದಣಿ ಪತ್ರ ಕೇಳುವಾಗ ಕರ್ನಾಟಕದ ಸಂಘಗಳ ಕಾಯ್ದೆಯ ಹೆಸರು ಹುಡುಕಬೇಡಿ. ಕಾಸರಗೋಡು ಸೇರಿದ ಮಲಬಾರ್ ಭಾಗದಲ್ಲಿ ಸಂಘಗಳು ನೋಂದಣಿಯಾಗುವುದು 1860ರ ಸೊಸೈಟಿ ಕಾಯ್ದೆಯಡಿ. ಇನ್ನೊಂದು, ಹೆಸರಿನ ಸ್ಪೆಲ್ಲಿಂಗ್. ಒಂದೇ ಊರು ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ಇಂಗ್ಲಿಷಿಗೆ ಹೋಗುವಾಗ ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆ ಬರೆದಿರುತ್ತಾನೆ. ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ನೋಂದಣಿ ಪತ್ರ ಮೂರರಲ್ಲಿ ಮೂರು ಹೆಸರಿದ್ದರೆ ನಿಮ್ಮ ಲೆಕ್ಕಪತ್ರದವರು ಮೋಸವೆಂದು ಸಂಶಯಪಡುತ್ತಾರೆ. ಮೋಸವಲ್ಲ, ಲಿಪಿ ಬದಲಾದದ್ದು. ಅರ್ಜಿಯ ಹಂತದಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ತಿದ್ದುಪಡಿಗೆ ಎರಡು ತಿಂಗಳು ಕೊಡಿ. ಅಧ್ಯಕ್ಷರ ಸ್ವಂತ ಖಾತೆಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಅರ್ಜಿಯನ್ನು ಕನ್ನಡದಲ್ಲಿ, ಎರಡು ಪುಟದಲ್ಲಿ ಕೇಳಿ. ಇಂಗ್ಲಿಷಿನಲ್ಲಿ ಹತ್ತು ಪುಟ ಕೇಳಿದರೆ ಬರೆಯಲು ಬಲ್ಲವರ ಅರ್ಜಿ ಬರುತ್ತದೆ, ಕೆಲಸ ಬಲ್ಲವರದ್ದು ಬರುವುದಿಲ್ಲ.

ಕಾಲದ ಬಗ್ಗೆಯೂ ಹೇಳಬೇಕು. ಮಾರ್ಚ್ ಕೊನೆಗೆ ದುಡ್ಡು ಬಿಡುಗಡೆ ಮಾಡಿ ಕಟ್ಟಡ ರಿಪೇರಿ ಮಾಡಿ ಎಂದರೆ ಕೆಲಸಗಾರರು ಸಿಗುವ ಹೊತ್ತಿಗೆ ಜೂನ್ ಮಳೆ ಹಿಡಿದಿರುತ್ತದೆ. ಸುಣ್ಣ ಒಣಗುವುದಿಲ್ಲ, ಮಾಡಿಗೆ ಹತ್ತಲಾಗುವುದಿಲ್ಲ. ಅಕ್ಟೋಬರಿಗೆ ಮಂಜೂರು ಮಾಡಿದರೆ ಏಪ್ರಿಲ್ ಒಳಗೆ ಮುಗಿಯುತ್ತದೆ. ವರ್ಷ ದಾಟುವ ಯೋಜನೆಯಾದರೆ ಅದನ್ನು ಮುಂದುವರಿಯುವ ಯೋಜನೆ ಎಂದು ಮಂಡಳಿಯಲ್ಲಿ ಮೊದಲೇ ನಿರ್ಣಯಿಸಿಕೊಳ್ಳಿ. ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳಲ್ಲಿ ಪ್ರತ್ಯೇಕ ಖಾತೆಗೆ ಹಾಕಿ ಮೂರು ಹಣಕಾಸು ವರ್ಷಗಳಲ್ಲಿ ಬಳಸಬಹುದು. "ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ತನ್ನಿ" ಎಂಬ ಪದ್ಧತಿ ಸಣ್ಣ ಸಂಘವನ್ನು ಸಾಲಕ್ಕೆ ತಳ್ಳುತ್ತದೆ. ಅರ್ಧ ಮೊದಲೇ ಕೊಡಿ.

ಯಾವುದಕ್ಕೆ ಕೊಡಬೇಕು ಎಂದರೆ ಮೊದಲ ಮಾತು ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತರಾದವರದ್ದು. ಗೇರುತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು. ಎಣ್ಮಕಜೆ, ಬೆಳ್ಳೂರು, ಮುಳಿಯಾರಿನಂಥ ಪಂಚಾಯತುಗಳಲ್ಲಿ ಅದರ ನೋವು ಇನ್ನೂ ಇದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆದರೆ ದಿನದ ಖರ್ಚು ಪರಿಹಾರದಲ್ಲಿ ಮುಗಿಯುವಂಥದ್ದಲ್ಲ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿಗೆ ಗಾಲಿಕುರ್ಚಿ ಕೊಡಲು ಎಲ್ಲರೂ ಮುಂದೆ ಬರುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಬೇಕಾದದ್ದು ಫಿಸಿಯೋಥೆರಪಿಸ್ಟರ ಸಂಬಳ, ಗುಡ್ಡದ ಮೇಲಿನ ಮನೆಯಿಂದ ಮಗುವನ್ನು ಕರೆತರುವ ಜೀಪಿನ ಬಾಡಿಗೆ, ದೊಡ್ಡವರ ಡಯಾಪರ್, ಇಪ್ಪತ್ತು ವರ್ಷದಿಂದ ಮಗನನ್ನು ಎತ್ತಿ ಇಳಿಸುತ್ತಿರುವ ತಾಯಿಗೆ ವಾರಕ್ಕೊಂದು ದಿನ ಬಿಡುವು. ಹಾಸಿಗೆ ಹಿಡಿದವರ ನೋವು ಶಮನಕ್ಕೆ ಮನೆಮನೆಗೆ ಹೋಗುವ ಪಾಲಿಯೇಟಿವ್ ತಂಡಕ್ಕೂ ಅಷ್ಟೇ: ವಾಹನ ಕೊಟ್ಟರೆ ಸಾಲದು, ಮೂರು ವರ್ಷದ ಡೀಸೆಲ್, ಚಾಲಕರ ಸಂಬಳ ಸೇರಿಸಿ ಲೆಕ್ಕ ಹಾಕಿ. ಇಲ್ಲದಿದ್ದರೆ ಅದು ಶೆಡ್ಡಿನಲ್ಲೇ ನಿಲ್ಲುತ್ತದೆ.

ಯಕ್ಷಗಾನಕ್ಕೆ ಕೊಡುವುದಾದರೆ, ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ. ಸಾಂಪ್ರದಾಯಿಕ ಕಲೆಯ ಪೋಷಣೆ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲೇ, ಅಂದರೆ ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿಯಲ್ಲೇ ಇದೆ. ಆದರೆ ಒಂದು ರಾತ್ರಿಯ ಆಟಕ್ಕೆ ದುಡ್ಡು ಕೊಟ್ಟು ನಿಮ್ಮ ಸರಕಿನ ಬ್ಯಾನರ್ ಕಟ್ಟಿಸಿದರೆ ಅದು ಜಾಹೀರಾತು, ಸಿಎಸ್‌ಆರ್ ಲೆಕ್ಕಕ್ಕೆ ಬಾರದು. ಮಕ್ಕಳಿಗೆ ವರ್ಷವಿಡೀ ಚೆಂಡೆ, ಮದ್ದಳೆ, ನಾಟ್ಯ ಹೇಳಿಕೊಡುವ ಗುರುಗಳ ಗೌರವಧನಕ್ಕೆ ಕೊಡಿ.

ವರದಿ ಒಂದೇ ಪುಟದ್ದಿರಲಿ: ಏನು ಕೊಂಡರು, ಎಷ್ಟು ಜನರಿಗೆ ತಲುಪಿತು, ಎಲ್ಲಿ ಕೆಟ್ಟಿತು. ಬಡ್ಸ್ ಶಾಲೆಯ ಮಕ್ಕಳ ಮುಖ ಕಾಣುವ ಫೋಟೋ ಕೇಳಬೇಡಿ. ಬಿಲ್ಲು, ಹಾಜರಿ ಪುಸ್ತಕದ ಪ್ರತಿ ಸಾಕು.