ರಾಟೆಯ ಹಗ್ಗದಲ್ಲಿ ಟೆನ್ಷನ್ ಎಷ್ಟು?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ರೊಟೇಷನಲ್ ಮೋಷನ್ ಪಾಠ ಕೇಳುವಾಗ ಅರ್ಥವಾಗುತ್ತದೆ, ಸೂತ್ರಗಳೂ ಬಾಯಿಗೆ ಬರುತ್ತವೆ. ಲೆಕ್ಕಕ್ಕೆ ಕೂತರೆ ಮಾತ್ರ ಉತ್ತರ ತಾಳೆಯಾಗುವುದಿಲ್ಲ. ಒಂದು ಲೆಕ್ಕ ಹೀಗಿದೆ: 2 ಕಿಲೋ ತೂಕದ, 10 ಸೆಂ.ಮೀ. ತ್ರಿಜ್ಯದ ರಾಟೆಗೆ ಹಗ್ಗ ಸುತ್ತಿ, ತುದಿಗೆ 4 ಕಿಲೋ ತೂಕದ ಕೊಡಪಾನ ಕಟ್ಟಿ ಬಾವಿಗೆ ಬಿಟ್ಟರೆ ಅದರ ವೇಗೋತ್ಕರ್ಷ ಎಷ್ಟು? ನನಗೆ 40 ಬಂತು, ಸರಿಯುತ್ತರ 8 ಅಂತೆ. ಉರುಳುವ ವಸ್ತುಗಳ ಲೆಕ್ಕದಲ್ಲಿ ಘರ್ಷಣೆಯನ್ನು ಹೇಗೆ ಹಾಕುವುದೆಂದೂ ತಿಳಿಸಿ, ಸರ್.
— ಓದುಗರು, ಬ್ರಹ್ಮಾವರ

ಉತ್ತರ: ನಿಮ್ಮ 40 ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಕೊಡಪಾನದ ಭಾರ 40 ನ್ಯೂಟನ್ (ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ). ಅದನ್ನೇ ಹಗ್ಗದ ಟೆನ್ಷನ್ (ಹಗ್ಗ ಎಳೆಯುವ ಬಲ) ಎಂದುಕೊಂಡು 0.1 ಮೀಟರಿನಿಂದ ಗುಣಿಸಿ ಟಾರ್ಕ್ (ಬಲದ ತಿರುಗಿಸುವ ಪರಿಣಾಮ) 4 ಎಂದು ಬರೆದಿರಿ. ರಾಟೆಯನ್ನು ಗಟ್ಟಿ ತಟ್ಟೆಯೆಂದು ಹಿಡಿದರೆ ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವಿಕೆಗೆ ಒಡ್ಡುವ ಜಡತ್ವ) ½ × 2 × 0.01 = 0.01. ಭಾಗಿಸಿದರೆ ಕೋನೀಯ ವೇಗೋತ್ಕರ್ಷ 400, ತ್ರಿಜ್ಯದಿಂದ ಗುಣಿಸಿದರೆ 40.

ಈಗ ಆ ಉತ್ತರವನ್ನೊಮ್ಮೆ ನೋಡಿ. ಹಗ್ಗವೇ ಇಲ್ಲದೆ ಕೈಜಾರಿ ಬಿದ್ದ ಕೊಡಪಾನದ ವೇಗೋತ್ಕರ್ಷ 10. ರಾಟೆಯನ್ನು ತಿರುಗಿಸುತ್ತಾ ಇಳಿಯುವ ಕೊಡಪಾನ ಅದರ ನಾಲ್ಕು ಪಟ್ಟು ಜೋರಾಗಿ ಬೀಳಲು ಸಾಧ್ಯವೇ? ಉತ್ತರ ಬರೆದ ಮೇಲೆ ಇಷ್ಟು ಕೇಳಿಕೊಳ್ಳುವ ಅಭ್ಯಾಸವಾದರೆ ಅರ್ಧ ತಪ್ಪುಗಳು ನಿಮ್ಮ ಕಣ್ಣಿಗೇ ಬೀಳುತ್ತವೆ.

ಈ ಗೊಂದಲಕ್ಕೆ ಕಾರಣವೂ ಇದೆ. ನಿಮ್ಮ ಪಠ್ಯದಲ್ಲಿ 20 ಕಿಲೋ ತೂಕದ, 20 ಸೆಂ.ಮೀ. ತ್ರಿಜ್ಯದ ಫ್ಲೈವೀಲಿಗೆ ಸುತ್ತಿದ ದಾರವನ್ನು 25 ನ್ಯೂಟನ್ ಬಲದಿಂದ ಎಳೆಯುವ ಲೆಕ್ಕವಿದೆ. ಅಲ್ಲಿ ಎಳೆಯುವ ಬಲವೇ ಟೆನ್ಷನ್. ಟಾರ್ಕ್ 5, ಇನರ್ಷಿಯಾ 0.4, ಕೋನೀಯ ವೇಗೋತ್ಕರ್ಷ 12.5. ಅದೇ ರೀತಿಯನ್ನು ಕೊಡಪಾನಕ್ಕೂ ಹಚ್ಚಿದರೆ ಆಗದು. ಕೊಡಪಾನ ವೇಗ ಹೆಚ್ಚಿಸಿಕೊಳ್ಳುತ್ತಾ ಕೆಳಗಿಳಿಯಬೇಕಾದರೆ ಮೇಲಕ್ಕೆ ಎಳೆಯುವ ಟೆನ್ಷನ್ ಅದರ ಭಾರಕ್ಕಿಂತ ಕಡಿಮೆ ಇರಲೇಬೇಕು. ಎಷ್ಟು ಕಡಿಮೆ ಎಂಬುದು ಮೊದಲೇ ಗೊತ್ತಿರುವುದಿಲ್ಲ, ಅದನ್ನು ಕಂಡುಹಿಡಿಯಬೇಕು.

ಹಾಗಾಗಿ ಕೊಡಪಾನಕ್ಕೊಂದು, ರಾಟೆಗೊಂದು ಚಿತ್ರ ಬೇರೆ ಬೇರೆ ಬರೆಯಿರಿ. ಕೊಡಪಾನಕ್ಕೆ: 40 − ಟೆನ್ಷನ್ = 4 × ವೇಗೋತ್ಕರ್ಷ. ರಾಟೆಗೆ: ಟೆನ್ಷನ್ × 0.1 = 0.01 × ಕೋನೀಯ ವೇಗೋತ್ಕರ್ಷ. ಸಮೀಕರಣ ಎರಡು, ಗೊತ್ತಿಲ್ಲದ್ದು ಮೂರು. ಮೂರನೆಯ ಸಮೀಕರಣ ಕೊಡುವುದು ಹಗ್ಗ. ರಾಟೆಯಿಂದ ಎಷ್ಟು ಹಗ್ಗ ಬಿಚ್ಚಿಕೊಂಡಿತೋ ಕೊಡಪಾನ ಅಷ್ಟೇ ಇಳಿಯುತ್ತದೆ, ಅಂದರೆ ವೇಗೋತ್ಕರ್ಷ = ತ್ರಿಜ್ಯ × ಕೋನೀಯ ವೇಗೋತ್ಕರ್ಷ. ಬಹಳ ಮಂದಿ ಬರೆಯಲು ಮರೆಯುವುದು ಇದನ್ನೇ. ನಮ್ಮ ಮನೆಬಾವಿಗಳ ರಾಟೆಯಲ್ಲಿ ಹಗ್ಗ ಸುತ್ತಿರುವುದಿಲ್ಲ, ಮೇಲಿಂದ ಹಾದುಹೋಗುತ್ತದೆ. ರಾಟೆ ತುಕ್ಕು ಹಿಡಿದು ತಿರುಗದೆ ಹಗ್ಗ ಜಾರಿದರೆ ಈ ಸಂಬಂಧ ಅಲ್ಲಿಗೇ ಕಡಿದುಹೋಗುತ್ತದೆ. ಲೆಕ್ಕದಲ್ಲಿ 'ಹಗ್ಗ ಜಾರುವುದಿಲ್ಲ' ಎಂಬ ಮಾತಿಗೆ ಅಷ್ಟು ಬೆಲೆ.

ರಾಟೆಯ ಸಮೀಕರಣದಿಂದ ಟೆನ್ಷನ್ ಮತ್ತು ವೇಗೋತ್ಕರ್ಷದ ಅಂಕಿ ಒಂದೇ ಎಂದು ಬರುತ್ತದೆ (ಈ ಲೆಕ್ಕದ ಸಂಖ್ಯೆಗಳಿಗೆ ಮಾತ್ರ). ಅದನ್ನು ಕೊಡಪಾನದ ಸಮೀಕರಣಕ್ಕೆ ಹಾಕಿ: 40 = 5 × ವೇಗೋತ್ಕರ್ಷ. ವೇಗೋತ್ಕರ್ಷ 8, ಟೆನ್ಷನ್ ಬರೀ 8 ನ್ಯೂಟನ್.

ಶಕ್ತಿಯ ದಾರಿಯಿಂದಲೂ ಪರೀಕ್ಷಿಸಿ. ಕೊಡಪಾನ 4 ಮೀಟರ್ ಇಳಿದಾಗ ಕಳೆದುಕೊಂಡ ಸ್ಥಿತಿಶಕ್ತಿ 160 ಜೂಲ್. ಆಗ ಅದರ ವೇಗ ಸೆಕೆಂಡಿಗೆ 8 ಮೀಟರ್, ಚಲನಶಕ್ತಿ 128 ಜೂಲ್. ರಾಟೆಯ ಕೋನೀಯ ವೇಗ 80, ಅದರ ಪಾಲು ½ × 0.01 × 6400 = 32 ಜೂಲ್. ಕೂಡಿದರೆ ಸರಿಯಾಗಿ 160. ಪ್ರಶ್ನೆಯಲ್ಲಿ ವೇಗ ಮಾತ್ರ ಕೇಳಿದ್ದರೆ ಇದೇ ಹತ್ತಿರದ ದಾರಿ. ಟೆನ್ಷನ್ ಅಥವಾ ಸಮಯ ಕೇಳಿದರೆ ಬಲ, ಟಾರ್ಕ್‌ಗಳನ್ನೇ ಹಿಡಿಯಿರಿ.

ಇನ್ನು ಘರ್ಷಣೆ. ಅಲ್ಲಿಯೂ ತಪ್ಪು ಇದೇ ಜಾತಿಯದು: ಗೊತ್ತಿಲ್ಲದ ಬಲಕ್ಕೆ ಮೊದಲೇ ಬೆಲೆ ಕೊಟ್ಟುಬಿಡುವುದು. 30 ಡಿಗ್ರಿ ಇಳಿಜಾರಿನಲ್ಲಿ 3 ಕಿಲೋ ತೂಕದ ಗಟ್ಟಿ ಸಿಲಿಂಡರ್ ಜಾರದೆ ಉರುಳುತ್ತಿದೆ, ಘರ್ಷಣಾಂಕ 0.4 ಎಂದಿಟ್ಟುಕೊಳ್ಳಿ. ಘರ್ಷಣಾಂಕವನ್ನು ಇಳಿಜಾರಿಗೆ ಲಂಬವಾದ ಬಲದಿಂದ ಗುಣಿಸಿದರೆ ಸುಮಾರು 10.4 ನ್ಯೂಟನ್. ಅದು ಘರ್ಷಣೆ ಮುಟ್ಟಬಹುದಾದ ಗರಿಷ್ಠ ಮಿತಿ ಅಷ್ಟೆ. ನಿಜವಾದ ಘರ್ಷಣೆ ಬಲದ್ದೊಂದು, ಟಾರ್ಕ್‌ನದೊಂದು ಹೀಗೆ ಎರಡು ಸಮೀಕರಣ ಬಿಡಿಸಿದಾಗಲೇ ಸಿಗುತ್ತದೆ: ಇಳಿಜಾರಿನುದ್ದಕ್ಕೆ ಎಳೆಯುವ 15 ನ್ಯೂಟನ್ನಿನ ಮೂರನೇ ಒಂದು ಭಾಗ, ಅಂದರೆ 5. ವೇಗೋತ್ಕರ್ಷ (15 − 5) ÷ 3, ಸುಮಾರು 3.3. ಐದು ಮಿತಿಯೊಳಗೇ ಇದೆ, ಆದ್ದರಿಂದ ಸಿಲಿಂಡರ್ ಜಾರುವುದಿಲ್ಲ. ಬಂದ ಘರ್ಷಣೆ ಮಿತಿ ದಾಟಿದ್ದರೆ ವಸ್ತು ಜಾರುತ್ತಿದೆ ಎಂದರ್ಥ, ಆಗ ಮಾತ್ರ ಆ ಗುಣಲಬ್ಧವನ್ನು ಘರ್ಷಣೆಯ ಜಾಗದಲ್ಲಿ ಬರೆಯಿರಿ.

ಸಿಲಿಂಡರಿನ ಬದಲು ಅಷ್ಟೇ ತೂಕದ ತೆಳು ಬಳೆಯಾಕಾರದ ಉಂಗುರ ಇಟ್ಟು ನೀವೇ ಮಾಡಿ ನೋಡಿ. ಘರ್ಷಣೆ 7.5 ನ್ಯೂಟನ್, ವೇಗೋತ್ಕರ್ಷ 2.5 ಬರಬೇಕು.