ವಿಂಡೋಸ್ 7ರಲ್ಲಿ ಕ್ರೋಮ್ ನಿಂತುಹೋದರೆ ಮುಂದೇನು?

ಡೊಂಬಿವಲಿಯಲ್ಲಿರುವ ನಿಮ್ಮ ಅಪ್ಪನ ವಿಂಡೋಸ್ 7 ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಅಪ್‌ಡೇಟ್ ಆಗ್ತಿಲ್ಲ, ಬೇರೆ ಬ್ರೌಸರ್ ಹಾಕಿದರೆ ಬುಕ್‌ಮಾರ್ಕು, ಪಾಸ್‌ವರ್ಡು ಎಲ್ಲ ಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ, ಗಾಬರಿ ಬೇಡ.

ವಿಂಡೋಸ್ 7ಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆಯದು. 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ಕನಿಷ್ಠ ವಿಂಡೋಸ್ 10 ಬೇಕೇ ಬೇಕು. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್ ಕೂಡ 109ಕ್ಕೇ ನಿಂತಿದೆ, ಸುಮ್ನೆ ಅದನ್ನು ಹಾಕಬೇಡಿ. ಉಳಿದದ್ದು ಫೈರ್‌ಫಾಕ್ಸ್ 115 ಇಎಸ್ಆರ್, ಅಂದರೆ ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ. ಹಳೆ ವಿಂಡೋಸ್‌ನವರಿಗಾಗಿ ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾ ಇದರ ಬೆಂಬಲದ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದೆ. ಈಗಿನ ಗಡುವನ್ನು ಅವರ ಸೈಟಿನಲ್ಲೇ ನೋಡಿ, ಅಲ್ಲಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ.

ಕ್ರೋಮ್ ತೆಗೆದುಹಾಕುವ ಮೊದಲು ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ಗೆ ಹೋಗಿ 'ಇಂಪೋರ್ಟ್' ಕೊಡಿ. ಬುಕ್‌ಮಾರ್ಕು, ಪಾಸ್‌ವರ್ಡು ಎರಡೂ ಬರುತ್ತವೆ. ಪಾಸ್‌ವರ್ಡ್ ಬರದಿದ್ದರೆ ಕ್ರೋಮ್‌ನಿಂದ ಅವನ್ನು ಸಿಎಸ್‌ವಿ ಫೈಲಾಗಿ (ಸಾದಾ ಪಠ್ಯದ ಪಟ್ಟಿ) ಇಳಿಸಿಕೊಂಡು ಫೈರ್‌ಫಾಕ್ಸ್‌ಗೆ ಹಾಕಬಹುದು. ಆದರೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ: ಸೈಟಿನ ವಿಳಾಸ, ಹೆಸರು, ಪಾಸ್‌ವರ್ಡ್, ಸಾಲು ಸಾಲಾಗಿ ಬಟಾಬಯಲು! ಕೆಲಸ ಮುಗಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಬ್ರೌಸರ್ ಹೊಸದಾದರೂ ವಿಂಡೋಸ್ ಹಳೆಯದೇ ಅಲ್ವಾ? ಬ್ಯಾಂಕ್ ಕೆಲಸ ಮೊಬೈಲ್‌ನಲ್ಲೇ ಮಾಡಲಿ. ಮುಂದೆ ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುವುದಾದರೆ, ವಿಂಡೋಸ್ 11 ಓಡುತ್ತಾ ಅಂತ ಮೊದಲು ಕೇಳಿ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.