ಕೆಫೀನ್ ಕಡಿಮೆ ಮಾಡಿ ಅಂದಿದ್ದಾರೆ, ಆದರೆ ಚಹಾ ಬಿಡಲು ಮನಸ್ಸಿಲ್ಲ. ಗ್ರೀನ್ ಟೀಗೆ ಬದಲಾಗಲಾ, ಕೆಫೀನ್ ತೆಗೆದ ಡಿಕ್ಯಾಫ್ ಚಹಾಕ್ಕಾ?

ಎದೆ ಡವಡವ ಅಂದದ್ದು, ಡಾಕ್ಟರು ಚಾ-ಕಾಫಿ ಕಡಿಮೆ ಮಾಡಿ ಅಂದದ್ದು, ಅಂಗಡಿಯಲ್ಲಿ ನಿಂತು ಗ್ರೀನ್ ಟೀ ಡಬ್ಬಿ ತಿರುಗಿಸಿ ನೋಡಿದ್ದು, ಎಲ್ಲ ನನಗೂ ಆಗಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ನಮ್ಮ ಮನೆ ಸುರತ್ಕಲ್ ಕಡೆ. ಬೈಕಂಪಾಡಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಎದ್ದ ಕೂಡಲೇ ಒಂದು ಚಾ, ತಿಂಡಿ ಜೊತೆ ಇನ್ನೊಂದು. ಆಫೀಸಿಗೆ ಫ್ಲಾಸ್ಕಿನಲ್ಲಿ ಬರುವುದು ಬೇರೆ. ಸಂಜೆ ಮನೆಗೆ ಮುಟ್ಟುವಾಗ ಅತ್ತೆ ನೀರಿಟ್ಟು ಕಾಯುತ್ತಿರುತ್ತಾರೆ. ಮಳೆಗಾಲದಲ್ಲಿ ಗೋಳಿಬಜೆ ಮಾಡಿದ ದಿನ ಒಂದು ಎರಡಾಗುತ್ತದೆ. ಇನ್ನು ದಾರಿಯಲ್ಲಿ ಯಾರು ಸಿಕ್ಕಿದರೂ ಕೇಳುವುದು "ಚಾ ಆಂಡಾ?" ಅಂತ. ಇಲ್ಲ ಅಂದರೆ ಕುಡಿಸುತ್ತಾರೆ. ಆಯ್ತು ಅಂದರೂ ಕುಡಿಸುತ್ತಾರೆ.

ನನ್ನ ಡಾಕ್ಟರು ಇಸಿಜಿ ತೆಗೆಸಿದರು, ಥೈರಾಯ್ಡ್ ನೋಡಿಸಿದರು. ಹೆದರುವಂಥದ್ದು ಏನಿಲ್ಲ, ಕೆಫೀನ್ ಕಡಿಮೆ ಮಾಡಿ ನೋಡುವ ಅಂದರು. ನಾನು ಸ್ವಲ್ಪ ಹಠದವಳು. ಕಡಿಮೆ ಎಂತದ್ದು, ಬಿಟ್ಟೇ ಬಿಡುವ ಅಂತ ಮರುದಿನದಿಂದಲೇ ನಿಲ್ಲಿಸಿದೆ. ಕೆಟ್ಟದ್ದು ಇಲ್ಲಿ.

ಮೊದಲ ದಿನ ಸಂಜೆಗೆ ತಲೆ ಭಾರ. ಮರುದಿನ ಬೆಳಿಗ್ಗೆ ಕಣ್ಣಿನ ಹಿಂದೆ ಒತ್ತಿ ಹಿಡಿದ ಹಾಗೆ ನೋವು, ವಾಕರಿಕೆ, ಎಲ್ಲದಕ್ಕೂ ಸಿಟ್ಟು. ಮಗಳು ಪೆನ್ಸಿಲ್ ಎಲ್ಲಿ ಅಂತ ಕೇಳಿದ್ದಕ್ಕೆ ಬೈದೆ. ಬಿಸಿಲಿಗೆ ಹೀಗಾಗಿರಬೇಕು ಅಂದುಕೊಂಡು, ಬ್ಯಾಗಿನಲ್ಲಿದ್ದ ತಲೆನೋವಿನ ಮಾತ್ರೆ ನುಂಗಿದೆ. ಸ್ವಲ್ಪ ಹೊತ್ತಿನಲ್ಲಿ ನೋವು ಹೋಯಿತು. ಮಧ್ಯಾಹ್ನ ಮತ್ತೆ ಬಂತು, ಮತ್ತೊಂದು ನುಂಗಿದೆ. ರಾತ್ರಿ ಮಲಗುವ ಮುಂಚೆ ಇನ್ನೊಂದು, ಊಟವೂ ಸೇರಿರಲಿಲ್ಲ. ನಡುರಾತ್ರಿ ಎದೆ ಬಡಿತ ಕಿವಿಗೆ ಕೇಳಲಿಕ್ಕೆ ಶುರುವಾಯಿತು. ಇವರು ಗಾಬರಿಯಾಗಿ ಕಾರು ತೆಗೆದರು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದದ್ದು ಚಿಕ್ಕ ಪ್ರಾಯದ ಡಾಕ್ಟರು. "ಎಂತ ಮಾತ್ರೆ ತಗೊಂಡದ್ದು? ಸ್ಟ್ರಿಪ್ ಉಂಟಾ?" ಅಂತ ಕೇಳಿದರು. ಕೊಟ್ಟೆ. ಅವರು ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಬೆಳ್ಳಿ ಹಾಳೆಯ ಮೇಲಿನ ಸಣ್ಣ ಅಕ್ಷರದ ಕೆಳಗೆ ಉಗುರಿಟ್ಟು ತೋರಿಸಿದರು. ಪ್ಯಾರಾಸಿಟಮಾಲ್, ಅದರ ಕೆಳಗಿನ ಸಾಲಿನಲ್ಲಿ ಕೆಫೀನ್.

ಇದನ್ನು ಎಷ್ಟು ಬಿಡಿಸಿ ಹೇಳಿದರೂ ಸಾಲದು, ಯಾಕಂದ್ರೆ ಯಾರೂ ಹೇಳುವುದಿಲ್ಲ. ತಲೆನೋವಿನ ಕೆಲವು ಮಾತ್ರೆಗಳಲ್ಲಿ 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ. ನೋವಿನ ಔಷಧಿಯ ಬಲ ಹೆಚ್ಚಾಗಲಿ ಅಂತ ಸೇರಿಸುವುದು, ಮೋಸ ಏನಲ್ಲ. ನನಗೆ ಬಂದಿದ್ದ ತಲೆನೋವೇ ಕೆಫೀನ್ ಸಿಗದೆ ಬಂದದ್ದು. ಮೆದುಳಿನಲ್ಲಿ ಅಡೆನೊಸಿನ್ ಅಂತ ಒಂದು ಉಂಟು, ದಣಿವಾಗಿದೆ, ಮಲಗು ಅಂತ ಹೇಳುವುದು ಅದು. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂರುತ್ತದೆ. ವರ್ಷಗಟ್ಟಲೆ ಕುಡಿದವರ ಮೆದುಳು ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಲೆಯ ರಕ್ತನಾಳಗಳು ಹಿಗ್ಗುತ್ತವೆ, ನೋವು ಶುರು. ಕೊನೆಯ ಚಾ ಕುಡಿದ 12ರಿಂದ 24 ಗಂಟೆಯೊಳಗೆ ಬರುತ್ತದೆ, ಒಂದೆರಡು ದಿನಕ್ಕೆ ಜೋರಾಗುತ್ತದೆ, ಕೆಲವರಿಗೆ ವಾರ ದಾಟಿಯೂ ಇರುತ್ತದೆ. ನಾನು ಚಾ ಬಿಟ್ಟೆ ಅಂತ ಬೀಗುತ್ತಾ ಕೆಫೀನನ್ನು ಮಾತ್ರೆಯಲ್ಲಿ ನುಂಗುತ್ತಿದ್ದೆ!

ಲೆಕ್ಕ ಬರೆಯುವವಳು ನಾನು, ಆಮೇಲೆ ಕೂಡಿಸಿಯೂ ನೋಡಿದೆ. ಮಾತ್ರೆಗಳದ್ದೆಲ್ಲ ಸೇರಿದರೂ ನನ್ನ ಮಾಮೂಲಿ ಚಾಕ್ಕಿಂತ ಜಾಸ್ತಿ ಆಗಿರಲಿಲ್ಲ. ಆದರೆ ಖಾಲಿ ಹೊಟ್ಟೆ, ಮಲಗುವ ಹೊತ್ತು, ಮೇಲಿಂದ ಹೆದರಿಕೆ. ರಾತ್ರಿಯಿಡೀ ಮಾನಿಟರ್ ಹಾಕಿ ಮಲಗಿಸಿದರು, ಬಿಲ್ ಬಂತು, ನಾದಿನಿಯ ಮೆಹಂದಿ ತಪ್ಪಿತು. ಅದಕ್ಕಿಂತ ದೊಡ್ಡ ನಷ್ಟ ಏನಂದರೆ, ಕೆಫೀನ್ ಕಡಿಮೆಯಾದಾಗ ನನ್ನ ಎದೆಬಡಿತ ಸರಿಹೋಗುತ್ತದಾ ಅಂತ ನೋಡಬೇಕಿದ್ದ ಡಾಕ್ಟರಿಗೆ ಎಂತದ್ದೂ ಗೊತ್ತಾಗಲಿಲ್ಲ. ಎಲ್ಲ ಮೊದಲಿಂದ ಶುರು ಮಾಡಬೇಕಾಯಿತು.

ಈಗ ನಿಮ್ಮ ಪ್ರಶ್ನೆ. ಯಾವ ಚಾಕ್ಕೆ ಬದಲಾಗಲಿ ಅಂತ ಕೇಳುವುದೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಗ್ರೀನ್ ಟೀ, ನಮ್ಮ ಕಪ್ಪು ಹುಡಿ, ದುಬಾರಿಯ ವೈಟ್ ಟೀ, ಎಲ್ಲ ಒಂದೇ ಗಿಡದ ಎಲೆ. ಕಪ್ಪು ಚಾದ ಒಂದು ದೊಡ್ಡ ಕಪ್ಪಿನಲ್ಲಿ 40ರಿಂದ 50 ಮಿಲಿಗ್ರಾಂ ಇದ್ದರೆ ಗ್ರೀನ್ ಟೀಯಲ್ಲಿ 30ರ ಆಸುಪಾಸು. ಆರೋಗ್ಯಕ್ಕೆ ಒಳ್ಳೆಯದು ಅಂತ ಅದನ್ನೇ ದಿನವಿಡೀ ಕುಡಿದರೆ ಉಳಿತಾಯ ಎಲ್ಲಿ? ಅಲ್ಲದೆ ಗೋಳಿಬಜೆ ಜೊತೆ ಗ್ರೀನ್ ಟೀ ಕುಡಿಯುವುದು ಅಂದರೆ ನನಗೆ ಶಿಕ್ಷೆ. ಡಿಕ್ಯಾಫ್‌ನಲ್ಲಿ ಕಪ್ಪಿಗೆ ಬರೀ 2ರಿಂದ 5 ಮಿಲಿಗ್ರಾಂ, ಅದು ನಿಜ. ಲಿಂಬೆ ಹಿಂಡಿ ಕುಡಿಯುವವರಿಗೆ ಆದೀತು. ನಾನು ತಂದದ್ದು ಬ್ಯಾಗಿನದ್ದು, ಹಾಲು ಹಾಕಿ ಕುದಿಸಿದರೆ ನಮ್ಮ ಚಾದ ರುಚಿ ಬರಲೇ ಇಲ್ಲ.

ಕಪ್ಪು ಎಣಿಸಬೇಡಿ, ಚಮಚ ಎಣಿಸಿ. ಹುಡಿಯ ತೂಕದಲ್ಲಿ ಸುಮಾರು ನೂರಕ್ಕೆ 3 ಪಾಲು ಕೆಫೀನ್. ಒಂದು ಟೀ ಚಮಚ ಹುಡಿ ಹೆಚ್ಚುಕಡಿಮೆ 2 ಗ್ರಾಂ, ಅಂದರೆ 60 ಮಿಲಿಗ್ರಾಂ. ನಾವು ಮನೆಯಲ್ಲಿ ತರುವುದು ಸಿಟಿಸಿ ಹುಡಿ, ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ್ದು. ಕಾಳು ಸಣ್ಣ, ಬೇಗ ಬಿಟ್ಟುಕೊಳ್ಳುತ್ತದೆ. ಐದು ನಿಮಿಷ ಮರಳಿದರೆ ಅದರಲ್ಲಿದ್ದ ಹೆಚ್ಚಿನದ್ದೆಲ್ಲ ನೀರಿಗೆ ಬಂತು ಅಂತಲೇ ಲೆಕ್ಕ. ಹಾಲು ಜಾಸ್ತಿ ಹಾಕಿದರೆ ಬಣ್ಣ ತಿಳಿಯಾಗುತ್ತದೆ, ಕೆಫೀನ್ ಅಲ್ಲ. ಅರ್ಧ ನಿಮಿಷ ನೆನೆಸಿ ಮೊದಲ ನೀರು ಚೆಲ್ಲಿದರೆ ಕೆಫೀನೆಲ್ಲ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಹೋಗುವುದಿಲ್ಲ, ಹೆಚ್ಚಿನ ಪಾಲು ಎಲೆಯಲ್ಲೇ ಇರುತ್ತದೆ. ಪರಿಮಳ ಮಾತ್ರ ಸಿಂಕಿಗೆ ಹೋಗುತ್ತದೆ.

ಎರಡನೇ ಸಲ ನಾನು ಬಿಡಲಿಲ್ಲ, ಇಳಿಸಿದೆ. ಮೊದಲು ಆಫೀಸಿನ ಫ್ಲಾಸ್ಕ್ ನಿಲ್ಲಿಸಿದೆ. ಅದರ ಚಾ ಚೆನ್ನಾಗಿಯೂ ಇರಲಿಲ್ಲ, ಸುಮ್ನೆ ಕೈಗೆ ಬಂತು ಅಂತ ಕುಡಿಯುತ್ತಿದ್ದದ್ದು. ಆಮೇಲೆ ವಾರ ವಾರ ಹುಡಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ಶುಂಠಿ ಜಜ್ಜಿ ಹಾಕಲು ಶುರು ಮಾಡಿದೆ. ಗಂಟಲಿಗೆ ಹಿಡಿಯುವ ಆ ಖಾರ ಇದ್ದರೆ ಹುಡಿ ಅರ್ಧ ಆದದ್ದು ನಾಲಿಗೆಗೆ ತಿಳಿಯುವುದಿಲ್ಲ. ಅತ್ತೆಗೆ ಹೇಳದೆ ಮಾಡಿದ್ದೆ. "ಇವತ್ತು ಚಾ ಒಳ್ಳೆ ಸ್ಟ್ರಾಂಗ್ ಆಗಿದೆ" ಅಂದರು!

ಬೆಳಗ್ಗಿನ ಚಾ ಮಾತ್ರ ಪೂರ್ತಿ ಹುಡಿಯದ್ದೇ, ಅದನ್ನು ಮುಟ್ಟಿಲ್ಲ. ಮೊಬೈಲ್ ಬದಿಗಿಟ್ಟು ಕೂತು ಕುಡಿಯುತ್ತೇನೆ. ಮಧ್ಯಾಹ್ನದ ನಂತರ ಚಾ ಇಲ್ಲ. ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚಿನವರಿಗೆ ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು, ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಇರುತ್ತದೆ. ಬಸುರಿಯರಿಗೆ ಇನ್ನೂ ನಿಧಾನ.

ಸಂಜೆಗೆ ಕಷಾಯ. ಕೊತ್ತಂಬರಿ ಒಂದು ಲೋಟ, ಜೀರಿಗೆ ಅರ್ಧ ಲೋಟ, ಒಳ್ಳೆಮೆಣಸು ಒಂದು ಚಮಚ, ನಾಲ್ಕು ಏಲಕ್ಕಿ. ಮೆಂತೆ ಅರ್ಧ ಚಮಚ ಸಾಕು, ಅದನ್ನು ಬೇರೆಯಾಗಿಯೇ ಹುರಿಯಿರಿ. ಸ್ವಲ್ಪ ಕೆಂಪು ಜಾಸ್ತಿಯಾದರೆ ಇಡೀ ಹುಡಿ ಕಹಿ. ತರಿ ತರಿ ಹುಡಿ ಮಾಡಿ, ನೀರಿನಲ್ಲಿ ಬೆಲ್ಲದ ಜೊತೆ ಕುದಿಸಿ, ಒಲೆ ಆರಿಸಿದ ಮೇಲೆ ಬಿಸಿ ಹಾಲು ಹಾಕಿ. ಬೆಲ್ಲ ಮತ್ತು ಹಾಲು ಒಟ್ಟಿಗೆ ಕುದಿಸಿದರೆ ಒಡೆಯುವುದುಂಟು. ಹಿತ್ತಲಲ್ಲಿ ಮಜ್ಜಿಗೆಹುಲ್ಲು ಇದ್ದರೆ ಎರಡು ಎಸಳು ಗಂಟು ಹಾಕಿ ನೀರಿಗೆ ಬಿಡಿ. ಇದು ಚಾದ ಬದಲಿ ಅಲ್ಲ, ಹಾಗಂತ ಕುಡಿದರೆ ನಿರಾಶೆಯಾಗುತ್ತದೆ. ಕಷಾಯ ಅಂತಲೇ ಕುಡಿಯಿರಿ.

ನೆಂಟರ ಮನೆಯದ್ದೇ ಕಷ್ಟ. "ಎಂತ ಮಾರಾಯ್ತಿ, ಚಾ ಕುಡಿಯದೆ ಹೋಗುವುದಾ?" ಅಂತ ಬೇಜಾರು ಮಾಡುತ್ತಾರೆ. ಡಾಕ್ಟರು ಬೇಡ ಅಂದಿದ್ದಾರೆ ಅಂದರೆ ಎಲ್ಲರೂ ಸೇರಿ ನನ್ನ ಹಾರ್ಟಿನ ವಿಚಾರಣೆ ಶುರು ಮಾಡುತ್ತಾರೆ. ಈಗ ಬಾಗಿಲಲ್ಲೇ "ನನಗೆ ಪುನರ್ಪುಳಿ ಶರಬತ್ತು" ಅಂತ ಕೇಳಿಬಿಡುತ್ತೇನೆ. ಕೇಳಿ ಕುಡಿದರೆ ಅವರಿಗೂ ಖುಷಿ.

ನಿಮ್ಮ ಡಾಕ್ಟರು ಎಷ್ಟು ಕಡಿಮೆ ಅಂದಿದ್ದಾರೆ ಅಂತ ನೀವು ಬರೆದಿಲ್ಲ. ಆರೋಗ್ಯವಂತರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಪರವಾಗಿಲ್ಲ ಅನ್ನುತ್ತಾರೆ, ಬಸುರಿಯರಿಗೆ 200. ಎದೆಬಡಿತದ ತೊಂದರೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ, ನನ್ನ ಲೆಕ್ಕ ನಿಮಗೆ ಆಗಲಿಕ್ಕಿಲ್ಲ. ಮುಂದಿನ ಸಲ ಹೋದಾಗ ದಿನಕ್ಕೆ ಎಷ್ಟು ಚಮಚ ಹುಡಿ ಅಂತಲೇ ಕೇಳಿ. ಹೋಗುವಾಗ ಮನೆಯಲ್ಲಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.